ಹಲ್ಲಿಗೆ ಕ್ಲಿಪ್ಪು ಹಾಕುವ ಕೈ ಯಾರದ್ದು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವುದು ಕಷ್ಟ, ಒಳ್ಳೆಯ ಮೀನು ಹುಡುಕುವುದು ಇನ್ನೂ ಕಷ್ಟ ಎಂದು ಹೂಡೆಯಿಂದ ಹೊರಡುವಾಗಲೇ ಎಲ್ಲರೂ ಹೇಳಿದ್ದರು. ಹಲ್ಲಿನ ಡಾಕ್ಟರನ್ನು ಹುಡುಕುವುದು ಕಷ್ಟ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ? ನಾನಿರುವ ಪಿಜಿಯಿಂದ ಆಫೀಸಿಗೆ ನಡೆದು ಹೋಗುವ ಹದಿನೈದು ನಿಮಿಷದ ದಾರಿಯಲ್ಲಿ ಆರು ಡೆಂಟಲ್ ಕ್ಲಿನಿಕ್‌ಗಳಿವೆ. ದಿನಸಿ ಅಂಗಡಿ ಎರಡೇ ಇರುವುದು. ಪ್ರತಿ ಬೋರ್ಡಿನಲ್ಲೂ ಮೂವತ್ತೆರಡು ಹಲ್ಲು ತೋರಿಸಿ ನಗುವ ಒಬ್ಬ ಹುಡುಗಿ.

ಆದರೆ ನನಗೆ ಬೇಕಾಗಿದ್ದದ್ದು ಹುಳುಕು ತುಂಬುವವರೋ ಹಲ್ಲು ಕೀಳುವವರೋ ಅಲ್ಲ. ಸಾಲು ತಪ್ಪಿದ ಹಲ್ಲನ್ನು ಸಾಲಿಗೆ ತರುವವರು, ಅಂದರೆ ಆರ್ಥೊಡಾಂಟಿಸ್ಟ್. ಅವರು ಬೇಕಾಗುವುದು ಒಂದು ದಿನಕ್ಕಲ್ಲ, ಹೆಚ್ಚುಕಡಿಮೆ ಎರಡು ವರ್ಷಕ್ಕೆ. ಸಮಸ್ಯೆ ಇರುವುದೇ ಇಲ್ಲಿ. ಕೆಲಸ ಹುಡುಕಿಕೊಂಡು ಮಹಾನಗರಕ್ಕೆ ಬರುವ ನಮ್ಮಂಥವರು ಎರಡು ವರ್ಷ ಒಂದೇ ಕಡೆ ಇರುವುದು ಅಪರೂಪ. ಪಿಜಿ ಬದಲಾಗುತ್ತದೆ, ಕಂಪೆನಿ ಬದಲಾಗುತ್ತದೆ, ಕೆಲವೊಮ್ಮೆ ಊರೇ ಬದಲಾಗುತ್ತದೆ. ಹಲ್ಲಿಗೆ ಮಾತ್ರ ಎರಡು ವರ್ಷ ಒಂದೇ ಕೈ ಬೇಕು. ನಗರದ ಕ್ಲಿನಿಕ್‌ಗಳು ಬೆಲೆ ಹೇಳುತ್ತವೆ, ಕಂತು ಹೇಳುತ್ತವೆ, ಬಣ್ಣ ಹೇಳುತ್ತವೆ. ಆ ಕೈ ಯಾರದ್ದು ಎಂದು ಹೇಳುವುದು ಕಡಿಮೆ.

ಮೊದಲ ಗೊಂದಲ ಹೆಸರಿನದ್ದು. ಆರ್ಥೊ ಡಾಕ್ಟರನ್ನು ಹುಡುಕುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದ ಕೂಡಲೇ ಅಮ್ಮ, ‘ಎಲ್ಲಿ ಬಿದ್ದದ್ದು? ಕೈಯಾ ಕಾಲಾ?’ ಎಂದು ಗಾಬರಿಯಾದರು. ಗ್ರೀಕ್ ಭಾಷೆಯಲ್ಲಿ ಆರ್ಥೊ ಎಂದರೆ ನೇರ, ಸರಿ ಎಂದರ್ಥವಂತೆ. ಮೂಳೆಯನ್ನು ನೇರ ಮಾಡುವವರಿಗೂ ಅದೇ ಪದ, ಹಲ್ಲನ್ನು ನೇರ ಮಾಡುವವರಿಗೂ ಅದೇ. ಫೋನಿನ ನಕ್ಷೆಗೂ ಅಮ್ಮನಷ್ಟೇ ಗೊಂದಲ. ‘ಹತ್ತಿರದ ಆರ್ಥೊ’ ಎಂದು ಬರೆದರೆ ಮಂಡಿಚಿಪ್ಪು ಬದಲಿಸುವ ಆಸ್ಪತ್ರೆಗಳನ್ನು ತೋರಿಸಿತು.

ಹಲ್ಲಿನ ಡಾಕ್ಟರರಲ್ಲೂ ಎಲ್ಲರೂ ಒಂದೇ ಅಲ್ಲ. ಬಿಡಿಎಸ್ ಎಂದರೆ ಇಂಟರ್ನ್‌ಶಿಪ್ ಸೇರಿ ಐದು ವರ್ಷದ ಪದವಿ. ಅದರ ಮೇಲೆ ಮೂರು ವರ್ಷ ಓದಿದರೆ ಎಂಡಿಎಸ್. ಈ ಎಂಡಿಎಸ್‌ನಲ್ಲಿ ವಸಡಿಗೆ ಒಂದು ವಿಭಾಗ, ಬೇರಿನ ಚಿಕಿತ್ಸೆಗೆ ಒಂದು, ಮಕ್ಕಳ ಹಲ್ಲಿಗೆ ಒಂದು, ದವಡೆ ಶಸ್ತ್ರಚಿಕಿತ್ಸೆಗೆ ಒಂದು ಎಂದು ಒಂಬತ್ತು ವಿಭಾಗಗಳಿವೆ. ಹಲ್ಲು ಸರಿಸುವ ಆರ್ಥೊಡಾಂಟಿಕ್ಸ್ ಅವುಗಳಲ್ಲಿ ಒಂದು ಮಾತ್ರ. ಆದ್ದರಿಂದ ಬೋರ್ಡಿನಲ್ಲಿ ಎಂಡಿಎಸ್ ಎಂದು ಕಂಡ ಮಾತ್ರಕ್ಕೆ ಕ್ಲಿಪ್ಪು ಹಾಕುವವರು ಸಿಕ್ಕಿದರು ಎಂದುಕೊಳ್ಳುವಂತಿಲ್ಲ. ಬಿಡಿಎಸ್ ಓದಿ ಕ್ಲಿಪ್ಪು ಹಾಕುವವರೂ ಇದ್ದಾರೆ, ಅವರಲ್ಲಿ ಕೆಲವರು ಚೆನ್ನಾಗಿಯೇ ಹಾಕಬಹುದು. ನನ್ನ ತಕರಾರು ಅವರ ಮೇಲಲ್ಲ. ಯಾರು ಏನು ಓದಿದ್ದಾರೆ ಎಂಬುದು ರೋಗಿಗೆ ಗೊತ್ತಿರಬೇಕು ಎಂಬುದಷ್ಟೇ ನನ್ನ ವಾದ.

ನನ್ನ ವಿಷಯ ಸ್ವಲ್ಪ ಹೇಳುತ್ತೇನೆ. ಸಣ್ಣವಳಿದ್ದಾಗಿಂದಲೂ ನನ್ನ ಮೇಲಿನ ಹಲ್ಲು ಮುಂದೆ, ಕೆಳಗಿನದು ಒಳಗೆ. ಶಾಲೆಯಲ್ಲಿ ಒಂದು ಅಡ್ಡಹೆಸರೂ ಇತ್ತು, ಅದನ್ನಿಲ್ಲಿ ಬರೆಯುವುದಿಲ್ಲ. ಮೊದಲ ಹಲ್ಲುಗಳು ಬಿದ್ದು ಹೊಸ ಹಲ್ಲು ಬರುವ ಏಳರ ವಯಸ್ಸಿಗೇ ಒಮ್ಮೆ ಆರ್ಥೊಡಾಂಟಿಸ್ಟರಿಗೆ ತೋರಿಸಬೇಕೆಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಹೇಳುತ್ತದೆ. ನಮ್ಮಲ್ಲಿ ಹಲ್ಲಿನ ಡಾಕ್ಟರರ ಹತ್ತಿರ ಹೋಗುವುದು ನೋವು ಬಂದಾಗ ಮಾತ್ರ, ಅದೂ ಲವಂಗ ಇಟ್ಟು, ಉಪ್ಪುನೀರು ಮುಕ್ಕಳಿಸಿ ಸೋತ ಮೇಲೆ. ಉಡುಪಿಯಲ್ಲಿ ಡಿಗ್ರಿ ಓದುವಾಗ ಮನೆಯಲ್ಲಿ ಅಕ್ಕನ ಮದುವೆಯ ಸಾಲ ಇತ್ತು. ಹಲ್ಲಿನ ಸುದ್ದಿ ಎತ್ತುವ ಹಾಗಿರಲಿಲ್ಲ. ನನ್ನ ಮದುವೆಯ ಮಾತು ಬಂದಾಗ ಮಾತ್ರ ಅತ್ತೆಯೊಬ್ಬರು ಬಹಳ ಕಾಳಜಿಯಿಂದ ಎತ್ತಿದರು.

ಅಂದ ಒಂದೇ ಆಗಿದ್ದರೆ ನಾನು ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಬಾಯಿ ಮುಚ್ಚಿದಾಗ ನನ್ನ ಕೆಳಗಿನ ಮುಂದಿನ ಹಲ್ಲುಗಳು ಹೋಗಿ ಅಂಗುಳಕ್ಕೆ ತಾಗುತ್ತವೆ. ಹುಳಿ, ಖಾರ ತಿಂದ ದಿನ ಅಲ್ಲಿ ಉರಿ, ಕೆಲವೊಮ್ಮೆ ಗಾಯ. ಹಾಗಾಗಿ ಕೈಯಲ್ಲಿ ಸಂಬಳ ಬಂದ ಮೇಲೆ ಮೊದಲು ಮಾಡಿದ ಲೆಕ್ಕ ಇದರದ್ದೇ. ತುಳುವಿನಲ್ಲಿ ಹಲ್ಲಿಗೆ ‘ಕೂಲಿ’ ಎನ್ನುತ್ತಾರೆ. ಕನ್ನಡದ ಕೂಲಿಯನ್ನು ತುಳುವಿನ ಕೂಲಿಗೆ ಹಾಕುತ್ತಿದ್ದಾಳೆ ಎಂದು ಊರಿನ ಗೆಳತಿಯರು ನಕ್ಕರು.

ಕ್ಲಿಪ್ಪಿಗೆ ಇಷ್ಟು ಕಾಲ ಯಾಕೆ ಬೇಕು ಎಂಬುದು ತಿಳಿದರೆ ಜಾಹೀರಾತು ಓದುವ ಕಣ್ಣೇ ಬದಲಾಗುತ್ತದೆ. ನಾನೂ ಮೊದಲು ತಂತಿ ಹಲ್ಲನ್ನು ಎಳೆಯುತ್ತದೆ, ಹಲ್ಲು ಬರುತ್ತದೆ, ಬೇಲಿಯ ಗೂಟ ಸರಿಸಿದ ಹಾಗೆ ಎಂದುಕೊಂಡಿದ್ದೆ. ಹಾಗಲ್ಲ. ಹಲ್ಲು ಮೂಳೆಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ತಂತಿ ಸಣ್ಣಗೆ ಒತ್ತಿದಾಗ, ಒತ್ತಡ ಬಿದ್ದ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆಲಸ ಶುರು ಮಾಡುತ್ತವೆ. ಹಿಂದೆ ಸೆಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟುವ ಜೀವಕೋಶಗಳು ಬರುತ್ತವೆ. ಮುಂದೆ ಗೋಡೆ ಕೆಡವಿ ಹಿಂದೆ ಗೋಡೆ ಕಟ್ಟುತ್ತಾ ಹಲ್ಲು ಸಾಗುತ್ತದೆ. ವೇಗ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಬೇಗ ಆಗಲಿ ಎಂದು ಜೋರಾಗಿ ಒತ್ತಿದರೆ ಆ ಪದರದ ರಕ್ತ ಸಂಚಾರವೇ ನಿಂತು ಹಲ್ಲು ತಡವಾಗಿ ಸರಿಯುತ್ತದೆ, ಬೇರು ಸವೆಯುವ ಅಪಾಯವೂ ಇದೆ. ‘ಆರು ತಿಂಗಳಲ್ಲಿ ಗ್ಯಾರಂಟಿ ನಗು’ ಎಂದು ಯಾರಾದರೂ ಬರೆದಿದ್ದರೆ ಈ ಮಿಲಿಮೀಟರನ್ನು ನೆನಪಿಸಿಕೊಳ್ಳಿ.

ಇನ್ನೊಂದು ಸ್ವಾರಸ್ಯ. ಶುರುವಿನಲ್ಲಿ ಹಾಕುವ ತೆಳು ತಂತಿ ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ಲೋಹ. ಎಷ್ಟು ಬಗ್ಗಿಸಿದರೂ ತನ್ನ ಮೊದಲಿನ ಆಕಾರ ಅದಕ್ಕೆ ನೆನಪಿರುತ್ತದೆ, ಅಲ್ಲಿಗೇ ವಾಪಸು ಹೋಗಲು ನೋಡುತ್ತದೆ. ಆ ಹಟದಿಂದಲೇ ಹಲ್ಲು ಸರಿಯುವುದು. ಈ ಗುಣ ಪತ್ತೆಯಾದದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ. ಬೋಟು, ಬಲೆ ನೋಡಿ ಬೆಳೆದ ನನಗೆ ಕಡಲಿನವರ ತಂತಿ ಬಾಯಿಗೂ ಬಂತಲ್ಲ ಎನಿಸಿತು. ಆದರೆ ತಂತಿಗೆ ಹಟ ಇರುತ್ತದೆಯೇ ಹೊರತು ಬುದ್ಧಿ ಇರುವುದಿಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಒಬ್ಬರು ನೋಡಿ, ಯಾವ ಹಲ್ಲು ಹೇಳಿದ ಮಾತು ಕೇಳಿದೆ, ಯಾವುದು ಕೇಳಿಲ್ಲ ಎಂದು ಅಳೆದು, ಮುಂದಿನ ತಂತಿ ಯಾವುದೆಂದು ಯೋಚಿಸಬೇಕು. ಕ್ಲಿಪ್ಪು ವಸ್ತು ಅಷ್ಟೇ. ಚಿಕಿತ್ಸೆ ಇರುವುದು ಈ ಯೋಚನೆಯಲ್ಲಿ.

ಈಗ ನನ್ನ ಹುಡುಕಾಟ. ನಾಲ್ಕು ಕಡೆ ಹೋದೆ.

ಮೊದಲನೆಯದು ಗಾಜಿನ ಗೋಡೆ, ಕಾಫಿ ಮೆಷಿನ್ ಇರುವ ಕಡೆ. ಅಲ್ಲಿ ನನ್ನ ಬಾಯಿಗೆ ಕ್ಯಾಮೆರಾ ಹಾಕಿ ಸ್ಕ್ಯಾನ್ ಮಾಡಿದರು. ಐದೇ ನಿಮಿಷದಲ್ಲಿ ಟ್ಯಾಬಿನಲ್ಲಿ ನನ್ನ ಹಲ್ಲುಗಳು ಸರಸರನೆ ಸಾಲಾಗಿ ನಿಂತವು. ನೋಡಲು ಬಹಳ ಚೆಂದ. ನನ್ನೊಡನೆ ಮಾತಾಡಿದವರು ಟೈ ಕಟ್ಟಿದ ಯುವಕ, ಹುದ್ದೆ ‘ಸ್ಮೈಲ್ ಕನ್ಸಲ್ಟೆಂಟ್’. ಎರಡೂವರೆ ಲಕ್ಷದ ಪಾರದರ್ಶಕ ಅಲೈನರ್, ಭಾನುವಾರದೊಳಗೆ ಬುಕ್ ಮಾಡಿದರೆ ಮೂವತ್ತು ಶೇಕಡಾ ಕಡಿತ, ಬಡ್ಡಿಯಿಲ್ಲದ ಇಎಂಐ. ಡಾಕ್ಟರ್ ಎಲ್ಲಿ ಎಂದೆ. ‘ನಮ್ಮ ಪ್ಯಾನೆಲ್ ಡಾಕ್ಟರ್ಸ್ ಆನ್‌ಲೈನ್ ಪ್ಲಾನ್ ಮಾಡ್ತಾರೆ ಮ್ಯಾಮ್’ ಎಂದರು. ಪ್ಯಾನೆಲ್‌ನಲ್ಲಿ ಯಾರಿದ್ದಾರೆ ಎಂದದ್ದಕ್ಕೆ ಬುಕ್ ಮಾಡಿದ ಮೇಲೆ ಗೊತ್ತಾಗುತ್ತದೆ ಎಂಬ ಉತ್ತರ. ಮೊಬೈಲು ಕೊಳ್ಳುವಾಗ ಇದು ಸರಿ. ಹಲ್ಲಿಗೆ ಹೇಗೆ ಸರಿ?

ಎರಡನೆಯದು ಪಿಜಿಯ ಹತ್ತಿರದ ಸಣ್ಣ ಕ್ಲಿನಿಕ್. ಡಾಕ್ಟರ್ ಒಳ್ಳೆಯವರು. ಕನ್ನಡಿ ಹಾಕಿ ನೋಡಿ, ‘ಮೇಲೆ ಎರಡು ಹಲ್ಲು ತೆಗೆದು ಕ್ಲಿಪ್ ಹಾಕಬಹುದು, ನಲವತ್ತು ಸಾವಿರ’ ಎಂದರು. ಎಕ್ಸ್‌ರೇ ಇನ್ನೂ ತೆಗೆದಿರಲಿಲ್ಲ. ಇಡೀ ದವಡೆಯ ಚಿತ್ರ ಮತ್ತು ತಲೆಯ ಪಕ್ಕದಿಂದ ತೆಗೆಯುವ ಎಕ್ಸ್‌ರೇ ನೋಡದೆ ಹಲ್ಲು ತೆಗೆಯುವ ತೀರ್ಮಾನ ಹೇಗೆ ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ಅದೆಲ್ಲ ನಮ್ಮ ಆರ್ಥೊ ಸರ್ ನೋಡ್ತಾರೆ. ಅವರು ತಿಂಗಳಿಗೆ ಎರಡು ಶನಿವಾರ ಬರ್ತಾರೆ’ ಎಂದರು. ಅಂದರೆ ಒಬ್ಬ ತಜ್ಞರು ಐದಾರು ಕ್ಲಿನಿಕ್‌ಗಳಿಗೆ ದಿನ ಹಂಚಿಕೊಂಡು ಓಡಾಡುತ್ತಾರೆ. ಇದು ನಗರದಲ್ಲಿ ಮಾಮೂಲು. ತಪ್ಪೆಂದೂ ನಾನು ಹೇಳುವುದಿಲ್ಲ, ಪ್ರತಿ ಬೀದಿಗೂ ಒಬ್ಬ ತಜ್ಞರನ್ನು ಕೂರಿಸಲು ಆಗುವುದಿಲ್ಲ. ಆದರೆ ಆ ಸರ್ ಬರುವುದು ನಿಲ್ಲಿಸಿದರೆ ನನ್ನ ಹಲ್ಲು ಯಾರ ಪಾಲು?

ಈ ಪ್ರಶ್ನೆ ನನಗೆ ಸುಮ್ಮನೆ ಹುಟ್ಟಿದ್ದಲ್ಲ. ನನ್ನ ರೂಮಿನಲ್ಲಿರುವ ಶಿವಮೊಗ್ಗದ ಹುಡುಗಿಗೆ ಇಂಥದ್ದೇ ಒಂದು ಕ್ಲಿನಿಕ್‌ನಲ್ಲಿ ಕ್ಲಿಪ್ಪು ಹಾಕಿ ಮೂರು ವರ್ಷವಾಗಿದೆ. ಮಧ್ಯೆ ಮೂವರು ಆರ್ಥೊ ಸರ್‌ಗಳು ಬದಲಾದರು. ಬಂದವರೆಲ್ಲ ಹಿಂದಿನವರು ಹೀಗೇಕೆ ಮಾಡಿದರೋ ಎಂದು ತಲೆ ಅಲ್ಲಾಡಿಸಿದರು. ಆಮೇಲೆ ಆರು ತಿಂಗಳು ಅವಳನ್ನು ಕಂಪೆನಿ ಹೈದರಾಬಾದಿಗೆ ಕಳಿಸಿತು. ಅಲ್ಲಿಯ ಡಾಕ್ಟರು ಶುರುವಿನ ಎಕ್ಸ್‌ರೇ, ಹಲ್ಲಿನ ಅಚ್ಚು, ಚಿಕಿತ್ಸೆಯ ಯೋಜನೆ ಕೊಡಿ ಎಂದರು. ಕ್ಲಿನಿಕ್‌ಗೆ ಫೋನು ಮಾಡಿದರೆ ಹಣ ಕಟ್ಟಿದ ರಸೀದಿಗಳ ಪಟ್ಟಿ ಬಂತು, ಅದು ಮಾತ್ರ ಅಚ್ಚುಕಟ್ಟಾಗಿತ್ತು. ಎಕ್ಸ್‌ರೇ ಸಿಗಲಿಲ್ಲ. ದಾಖಲೆ ಇಲ್ಲದೆ ಬೇರೆಯವರ ಕೆಲಸ ಮುಂದುವರಿಸಲು ಆ ಡಾಕ್ಟರು ಒಪ್ಪಲಿಲ್ಲ. ಹೊಸದಾಗಿ ಶುರು ಮಾಡುವುದಾದರೆ ಹೊಸ ಹಣ. ತೆಗೆದ ನಾಲ್ಕು ಹಲ್ಲುಗಳ ಜಾಗದಲ್ಲಿ ಎರಡು ಇನ್ನೂ ಖಾಲಿ ಇವೆ. ನಗುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಕ್ಲಿಪ್ಪು ಹಾಕಿಸುವ ಮೊದಲು ಹಿಡಿಯುತ್ತಿರಲಿಲ್ಲವಂತೆ.

ದೊಡ್ಡ ಮಟ್ಟದಲ್ಲೂ ಇದೇ ಆಗಿದೆ. ಅಮೆರಿಕದಲ್ಲಿ ಸ್ಮೈಲ್‌ಡೈರೆಕ್ಟ್‌ಕ್ಲಬ್ ಎಂಬ ಕಂಪೆನಿ ಇತ್ತು. 2014ರಲ್ಲಿ ಶುರುವಾದದ್ದು. ಡಾಕ್ಟರರ ಕುರ್ಚಿಯಲ್ಲಿ ಕೂರುವ ಅಗತ್ಯವೇ ಇಲ್ಲದೆ, ಮನೆಯಲ್ಲೇ ಹಲ್ಲಿನ ಅಚ್ಚು ತೆಗೆದು ಕಳಿಸಿದರೆ ಅಂಚೆಯಲ್ಲಿ ಅಲೈನರ್ ಬರುತ್ತದೆ ಎಂಬುದು ಅದರ ವ್ಯಾಪಾರ. 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿದ ಕಂಪೆನಿ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ಮಧ್ಯದಲ್ಲಿದ್ದವರಿಗೆ ನಿಮ್ಮೂರಿನ ದಂತವೈದ್ಯರನ್ನು ಕಾಣಿ ಎಂದಿತು. ಜೀವಮಾನದ ಗ್ಯಾರಂಟಿ ಇನ್ನು ಇಲ್ಲ ಎಂದಿತು. ಕಂತಿನವರು ಮಾತ್ರ ಕಂತು ಕಟ್ಟುತ್ತಲೇ ಇರಬೇಕು ಎಂದಿತು! ಅಲೈನರ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸರಿಯಾದ ಆರ್ಥೊಡಾಂಟಿಸ್ಟರ ಕೈಯಲ್ಲಿ ಅದೂ ಒಂದು ಒಳ್ಳೆಯ ಸಾಧನ. ಆ ಕೈಯನ್ನೇ ತೆಗೆದುಹಾಕಿ ಸಾಧನ ಮಾತ್ರ ಮಾರಿದರೆ ಹೀಗಾಗುತ್ತದೆ.

ಮೂರನೆಯ ಕ್ಲಿನಿಕ್ ಬಗ್ಗೆ ಹೇಳಲು ಹೆಚ್ಚಿಲ್ಲ, ಮೊದಲನೆಯದರ ತಮ್ಮ.

ನಾಲ್ಕನೆಯದರಲ್ಲಿ ಮಹಡಿ ಮೇಲೆ ಎರಡೇ ಕೋಣೆ. ಆರ್ಥೊಡಾಂಟಿಸ್ಟರದ್ದೇ ಕ್ಲಿನಿಕ್. ಎಕ್ಸ್‌ರೇ ಬರೆದುಕೊಟ್ಟು, ಅದು ಬಂದ ಮೇಲೆ ಅರ್ಧ ಗಂಟೆ ಕೂತು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು. ಹಲ್ಲು ತೆಗೆಯುವ ಅಗತ್ಯವೇ ಕಾಣುವುದಿಲ್ಲ, ಮೊದಲು ಕಚ್ಚಿನ ಆಳ ಕಡಿಮೆ ಮಾಡಬೇಕು ಎಂದರು. ಅರುವತ್ತು ಸಾವಿರ ಅಂದಾಜು. ಕೊನೆಗೆ ಬೇರೆ ಯಾರೂ ಕೇಳದ ಪ್ರಶ್ನೆ ಕೇಳಿದರು. ‘ನೀವು ಇನ್ನು ಎರಡು ವರ್ಷ ಬೆಂಗಳೂರಲ್ಲೇ ಇರ್ತೀರಾ?’

ನನ್ನದು ಹನ್ನೊಂದು ತಿಂಗಳ ಗುತ್ತಿಗೆ ಕೆಲಸ. ಮುಂದುವರಿದರೆ ಮುಂದುವರಿಯಿತು. ಗೊತ್ತಿಲ್ಲ ಎಂದೆ. ಊರು ಯಾವುದು ಎಂದರು. ಉಡುಪಿ ಹತ್ತಿರ ಹೂಡೆ ಎಂದದ್ದೇ ತಡ ನಕ್ಕುಬಿಟ್ಟರು. ‘ಮಣಿಪಾಲ ಪಕ್ಕದಲ್ಲಿಟ್ಟುಕೊಂಡು ಇಲ್ಲಿ ಹುಡುಕ್ತಿದ್ದೀರಾ? ಕೆಲಸ ಎಲ್ಲಿಗೆ ಹೋದರೂ ನೀವು ಊರಿಗಂತೂ ಹೋಗೇ ಹೋಗ್ತೀರಲ್ಲ.’

ಬಂದ ರೋಗಿಯನ್ನು ವಾಪಸು ಕಳಿಸಿದ ಆ ಡಾಕ್ಟರರ ಮಾತನ್ನು ನಾನು ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿದೆ. ಎರಡು ವರ್ಷ, ಆರು ವಾರಕ್ಕೊಮ್ಮೆ ಎಂದರೆ ಹದಿನೇಳು ಸಲ. ಹಬ್ಬ, ಮದುವೆ, ಅಮ್ಮನ ನೆನಪು ಎಂದು ವರ್ಷಕ್ಕೆ ನಾಲ್ಕು ಸಲ ಹೇಗೂ ಊರಿಗೆ ಹೋಗುತ್ತೇನೆ. ಉಳಿದದ್ದು ಒಂಬತ್ತು ಪ್ರಯಾಣ. ಪಂಚಗಂಗಾ ರೈಲಿನಲ್ಲಿ ಸೀಟು ಸಿಕ್ಕಿದರೆ ಖರ್ಚು ಕಡಿಮೆ, ಸಿಗದಿದ್ದರೆ ರಾತ್ರಿ ಬಸ್ಸು. ಎಲ್ಲ ಸೇರಿಸಿದರೂ ಮೊದಲ ಕ್ಲಿನಿಕ್‌ನ ‘ಕಡಿತ’ದ ಮೊತ್ತಕ್ಕಿಂತ ಎಷ್ಟೋ ಕೆಳಗೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಒಂದು ವಾರ ಆಚೀಚೆ ಆಗಬಹುದು. ಹಲ್ಲು ಅಷ್ಟು ಕಾಯುತ್ತದೆ. ತಂತಿ ಚುಚ್ಚಿದರೆ ಅಥವಾ ಬ್ರ್ಯಾಕೆಟ್ ಕಳಚಿದರೆ ತುರ್ತಿಗೆ ತಾನು ನೋಡುತ್ತೇನೆ ಎಂದು ಆ ಡಾಕ್ಟರೇ ಹೇಳಿದ್ದರು.

ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ದೇಶದ ಆರ್ಥೊಡಾಂಟಿಸ್ಟರ ಸಂಘವಾದ ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ ಹುಟ್ಟಿದ್ದೂ ಅದೇ ವರ್ಷ. ಮಂಗಳೂರು, ದೇರಳಕಟ್ಟೆ, ಸುಳ್ಯದಲ್ಲೂ ದಂತ ಕಾಲೇಜುಗಳಿವೆ. ಇಷ್ಟು ಸಣ್ಣ ಕರಾವಳಿಯಲ್ಲಿ ಇಷ್ಟು ಕಾಲೇಜು! ಹೂಡೆಯಲ್ಲಿ ಬಸ್ಸು ಹತ್ತಿದರೆ ಕೆಮ್ಮಣ್ಣು, ನೇಜಾರು, ಸಂತೆಕಟ್ಟೆ ದಾಟಿ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸು. ಜಗತ್ತಿನ ಎಲ್ಲೆಲ್ಲಿಂದಲೋ ಬಂದು ಹಲ್ಲಿನ ವಿದ್ಯೆ ಕಲಿಯುವ ಊರು ನಮ್ಮ ಎರಡು ಬಸ್ಸಿನ ದೂರದಲ್ಲಿದೆ. ಆದರೂ ನಮಗೆ ಮಣಿಪಾಲ ಎಂದರೆ ಹೃದಯ, ಕಿಡ್ನಿ, ಅಪಘಾತ. ಹಲ್ಲಿಗೆ ಅಷ್ಟು ದೂರ ಯಾರು ಹೋಗುತ್ತಾರೆ ಎಂಬ ಮಾತು ಈಗಲೂ ಇದೆ.

ಬೋಧನಾ ಆಸ್ಪತ್ರೆ ಎಂದರೆ ‘ಸ್ಟೂಡೆಂಟ್ಸ್ ಕೈಗೆ ಹಲ್ಲು ಕೊಡ್ತೀಯಾ?’ ಎಂದು ಕೇಳುವವರಿದ್ದಾರೆ. ಅಲ್ಲಿ ಕೆಲಸ ಮಾಡುವವರು ಬಿಡಿಎಸ್ ಮುಗಿಸಿ ಇದೇ ವಿಷಯದಲ್ಲಿ ಮೂರು ವರ್ಷ ಎಂಡಿಎಸ್ ಓದುತ್ತಿರುವ ಡಾಕ್ಟರುಗಳು, ಮೇಲೆ ನೋಡಿಕೊಳ್ಳುವ ಪ್ರಾಧ್ಯಾಪಕರು ಇರುತ್ತಾರೆ. ಒಂದು ತಂತಿ ಬದಲಿಸುವ ಮೊದಲು ಇಬ್ಬರು ನೋಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಕಾಯಬೇಕು, ನಿಜ. ನಿಮ್ಮ ಡಾಕ್ಟರ್ ಓದು ಮುಗಿಸಿ ಹೋದರೆ ಮುಂದಿನವರಿಗೆ ದಾಟಿಸುತ್ತಾರೆ. ಕೈ ಬದಲಾಯಿತಲ್ಲ ಎನ್ನಬಹುದು. ಆದರೆ ಕಡತ ಬದಲಾಗುವುದಿಲ್ಲ, ವಿಭಾಗ ಎಲ್ಲಿಗೂ ಹೋಗುವುದಿಲ್ಲ. ನನ್ನ ರೂಮಿನವಳಿಗೆ ಇಲ್ಲದೇ ಹೋದದ್ದು ಇದೇ. ಬೆಂಗಳೂರಿನಲ್ಲೇ ನೆಲೆ ನಿಲ್ಲುವವರಿಗೂ ದಾರಿ ಇಲ್ಲದಿಲ್ಲ. ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಖಾಸಗಿ ದಂತ ಕಾಲೇಜುಗಳೂ ನಗರದ ಎಲ್ಲ ದಿಕ್ಕಿನಲ್ಲಿವೆ. ಅವು ಜಾಹೀರಾತು ಹಾಕುವುದು ಕಡಿಮೆಯಾದ್ದರಿಂದ ಫೋನಿನಲ್ಲಿ ಮೇಲೆ ಬರುವುದಿಲ್ಲ, ಅಷ್ಟೇ.

ಒಂದು ದೂರು ಮಾತ್ರ ಇದೆ, ಯಾವುದೋ ಒಂದು ಆಸ್ಪತ್ರೆಯ ಮೇಲಲ್ಲ, ಪದ್ಧತಿಯ ಮೇಲೆ. ಬೋಧನಾ ಆಸ್ಪತ್ರೆಗಳ ಹೊರರೋಗಿ ವಿಭಾಗ ನಡೆಯುವುದು ಸಾಮಾನ್ಯವಾಗಿ ನಾವು ಕಚೇರಿಯಲ್ಲಿ ಕೂತಿರುವ ಹೊತ್ತಿನಲ್ಲೇ. ತಿಂಗಳಿಗೊಂದು ರಜೆ ಸಿಗುವ ಕೆಲಸದಲ್ಲಿರುವವರು ಆ ರಜೆಯನ್ನು ಹಲ್ಲಿಗೇ ಕೊಡಬೇಕು. ದಿನಗೂಲಿಯವರ ಮಾತು ಬಿಡಿ. ಖಾಸಗಿ ಕ್ಲಿನಿಕ್‌ಗಳು ರಾತ್ರಿ ಒಂಬತ್ತರವರೆಗೆ, ಭಾನುವಾರವೂ ತೆರೆದಿರುತ್ತವೆ. ನಮ್ಮಂಥವರು ಅಲ್ಲಿಗೆ ಹೋಗುವುದು ಗಾಜಿನ ಗೋಡೆ ನೋಡಿ ಅಲ್ಲ, ಗಡಿಯಾರ ನೋಡಿ. ಕ್ಲಿಪ್ಪಿನಂಥ ದೀರ್ಘ ಚಿಕಿತ್ಸೆಗೆ ಕಾಲೇಜುಗಳು ವಾರಕ್ಕೊಂದು ಸಂಜೆ ತೆರೆದಿಟ್ಟರೂ ಸಾಕು, ಎಷ್ಟೋ ಹುಡುಗ ಹುಡುಗಿಯರು ಕಂತಿನ ಬಲೆಗೆ ಬೀಳುವುದು ತಪ್ಪುತ್ತದೆ.

ಇನ್ನು ವಿಮೆ. ಕಂಪೆನಿ ಕೊಡುವ ಆರೋಗ್ಯ ವಿಮೆಯ ಪುಸ್ತಿಕೆ ತೆಗೆದು ನೋಡಿ. ಬಹುತೇಕ ಪಾಲಿಸಿಗಳಲ್ಲಿ ಅಪಘಾತ ಬಿಟ್ಟರೆ ಹಲ್ಲಿಗೆ ಏನೂ ಇಲ್ಲ. ಕ್ಲಿಪ್ಪನ್ನಂತೂ ಅಲಂಕಾರದ ಪಟ್ಟಿಗೆ ಸೇರಿಸಿಬಿಡುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಕೊಂಡಿದ್ದಾರೆ. ಹಲ್ಲು ಎಷ್ಟು ಸಾಲು ತಪ್ಪಿದೆ, ಅದರಿಂದ ಏನು ತೊಂದರೆ ಎಂದು ನೋಡಿ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ನಾಲ್ಕು, ಐದನೇ ದರ್ಜೆಯಾದರೆ ಹದಿನೆಂಟರೊಳಗಿನವರಿಗೆ ಸರ್ಕಾರದ ಆರೋಗ್ಯ ಸೇವೆಯಲ್ಲೇ ಚಿಕಿತ್ಸೆ. ಒಂದು, ಎರಡು ಆದರೆ ಇಲ್ಲ. ನನ್ನ ಹಾಗೆ ಅಂಗುಳಕ್ಕೆ ಗಾಯ ಮಾಡುವ ಕಚ್ಚು ಆ ಪಟ್ಟಿಯಲ್ಲಿ ನಾಲ್ಕನೆಯ ದರ್ಜೆಗೆ ಬರುತ್ತದೆ. ಅಲ್ಲಿ ಅದು ಕಾಯಿಲೆ, ಇಲ್ಲಿ ಅಲಂಕಾರ!

ಈ ಅಳತೆಗೋಲಿನಿಂದ ಇನ್ನೊಂದು ಉಪಕಾರವೂ ಇದೆ. ಯಾರಿಗೆ ಬೇಡ ಎಂಬುದೂ ಗೊತ್ತಾಗುತ್ತದೆ. ನನ್ನ ಸಹೋದ್ಯೋಗಿ ಒಬ್ಬನಿಗೆ ಕೆಳಗಿನ ಒಂದೇ ಹಲ್ಲು ಕೂದಲೆಳೆಯಷ್ಟು ಓರೆ. ಅವನು ಹಲ್ಲು ಕ್ಲೀನ್ ಮಾಡಿಸಲು ಹೋದವನು ಒಂದು ಲಕ್ಷದ ಎಸ್ಟಿಮೇಟ್ ಹಿಡಿದು ಬಂದ. ಇಂಟರ್‌ವ್ಯೂನಲ್ಲಿ ಆತ್ಮವಿಶ್ವಾಸ ಹೆಚ್ಚುತ್ತದೆ ಎಂದರಂತೆ. ಕೆಲಸ ಹುಡುಕುತ್ತಿರುವ ವಯಸ್ಸಿನವರಿಗೆ ಆತ್ಮವಿಶ್ವಾಸವನ್ನು ಮಾರುವಷ್ಟು ಸುಲಭ ಬೇರೆ ಏನೂ ಇಲ್ಲ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಮ್ಯಾನೇಜರ್ ನನ್ನ ಹಲ್ಲು ನೋಡಿರಲೂ ಇಲ್ಲ, ಫೋನಿನಲ್ಲೇ ಇಂಟರ್‌ವ್ಯೂ ಆದದ್ದು.

ಇದನ್ನು ಓದುತ್ತಿರುವವರಲ್ಲಿ ಡಿಗ್ರಿಯ ಮೊದಲ ವರ್ಷದಲ್ಲಿರುವವರಿದ್ದರೆ, ಹಲ್ಲಿನ ತೊಂದರೆ ನಿಜವಾಗಿ ಇದ್ದರೆ, ಮನೆಯಲ್ಲಿ ಹಣದ ದಾರಿಯೂ ಇದ್ದರೆ, ಈಗಲೇ ತೋರಿಸಿ. ಮೂರು ವರ್ಷ ಒಂದೇ ಊರಿನಲ್ಲಿ, ಅದೇ ಬಸ್ಸಿನಲ್ಲಿ ಓಡಾಡುವ ಕಾಲ ಮತ್ತೆ ಬರುವುದು ಕಷ್ಟ. ಪರೀಕ್ಷೆ ಮುಗಿದ ಮಧ್ಯಾಹ್ನ ಹೋಗಿ ತಂತಿ ಬದಲಿಸಿಕೊಂಡು ಬರಬಹುದು. ತಂತಿ ಬಿಗಿ ಮಾಡಿದ ಎರಡು ದಿನ ಅಗಿಯಲು ಆಗುವುದಿಲ್ಲ. ಮನೆಯಲ್ಲಿದ್ದರೆ ಕುಚ್ಚಲಕ್ಕಿ ಗಂಜಿ ಇರುತ್ತದೆ. ಪಿಜಿಯಲ್ಲಿ ಅವತ್ತೇ ಚಪಾತಿ ಇರುತ್ತದೆ, ಅದೂ ತಣ್ಣಗಾದದ್ದು.

ಈಗಾಗಲೇ ನಗರಕ್ಕೆ ಬಂದಾಗಿದ್ದರೆ ಕ್ಲಿನಿಕ್‌ನಲ್ಲಿ ಬೆಲೆ ಕೇಳುವ ಮೊದಲು ಹೆಸರು ಕೇಳಿ. ನನ್ನ ತಂತಿ ಬದಲಿಸುವವರು ಯಾರು, ಅವರ ಎಂಡಿಎಸ್ ಯಾವ ವಿಷಯದಲ್ಲಿ, ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಎಷ್ಟು, ವಾರದಲ್ಲಿ ಯಾವ ದಿನ ಇರುತ್ತಾರೆ ಎಂದು ಕೇಳುವುದು ಅವಮಾನ ಮಾಡಿದಂತಲ್ಲ. ಒಳ್ಳೆಯವರು ಖುಷಿಯಿಂದ ಹೇಳುತ್ತಾರೆ, ಆ ನಾಲ್ಕನೆಯ ಡಾಕ್ಟರ್ ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನೇ ತೋರಿಸಿದ್ದರು. ಶುರುವಿನ ಎಕ್ಸ್‌ರೇ, ಫೋಟೊ, ಯೋಜನೆಯ ಒಂದೊಂದು ಪ್ರತಿ ಮೊದಲ ದಿನವೇ ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಜಗಳವಾದ ಮೇಲೆ ಅವು ಸಿಗುವುದಿಲ್ಲ. ಇಡೀ ಹಣವನ್ನು ಒಂದೇ ಸಲ ಕಟ್ಟಬೇಡಿ, ಸಾಲದ ಕಂಪೆನಿಯ ಮೂಲಕವಂತೂ ಕಟ್ಟಬೇಡಿ. ಆ ಸಾಲ ಕ್ಲಿನಿಕ್‌ಗೆ ಮೊದಲೇ ಸಂದಾಯವಾಗಿರುತ್ತದೆ, ಆಮೇಲೆ ಚಿಕಿತ್ಸೆ ನಿಂತರೂ ಕಂತು ನಿಲ್ಲುವುದಿಲ್ಲ. ಭೇಟಿಗೆ ಇಷ್ಟು ಎಂದು ತಿಂಗಳು ತಿಂಗಳು ಕೊಡುವ ಕ್ರಮವೇ ಒಳ್ಳೆಯದು.

ನನಗೆ ಮೇಲಿನ ಸಾಲಿಗೆ ಕ್ಲಿಪ್ಪು ಹಾಕಿ ಈಗ ನಾಲ್ಕು ತಿಂಗಳು. ಕೆಳಗಿನ ಸಾಲಿಗೆ ಮುಂದಿನ ಭೇಟಿಯಲ್ಲಿ. ಎಲ್ಲ ಮುಗಿದು ತಂತಿ ಬಿಚ್ಚಿದ ಮೇಲೂ ಹಲ್ಲು ಹಳೆಯ ಜಾಗಕ್ಕೆ ಜಾರಲು ನೋಡುತ್ತದೆ. ಅದಕ್ಕೆ ರಿಟೈನರ್ ಎಂಬ ಇನ್ನೊಂದು ಸಾಧನವನ್ನು ವರ್ಷಗಟ್ಟಲೆ, ಹೆಚ್ಚಾಗಿ ರಾತ್ರಿ ಹೊತ್ತು, ಹಾಕಿಕೊಳ್ಳಬೇಕು. ಅದು ಕಳೆದುಹೋಗುತ್ತದೆ, ಮುರಿಯುತ್ತದೆ, ಹೊಸದು ಮಾಡಿಸಬೇಕಾಗುತ್ತದೆ. ಪ್ಯಾಕೇಜಿನಲ್ಲಿ ಅದರ ಖರ್ಚು ಸೇರಿದೆಯೇ ಎಂದು ನಾನು ನಾಲ್ಕೂ ಕಡೆ ಕೇಳಿದ್ದೆ. ಒಂದೇ ಕಡೆ ಸೇರಿತ್ತು. ಉಳಿದ ಮೂರರಲ್ಲಿ ಎರಡು ಕಡೆ, ಅದನ್ನು ಆಮೇಲೆ ನೋಡೋಣ ಎಂದರು.